ಎಡೆದೊರೆಯ ನುಡಿಬೆಳೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವೆ ಹರಡಿಕೊಂಡಿರುವ ನೆಲವೇ ರಾಯಚೂರು ಸೀಮೆ. ಹಳೆಯ ಶಾಸನಗಳು ಈ ನಾಡನ್ನು ‘ಎಡೆದೊರೆ’ ಎಂದು ಕರೆದಿವೆ. ‘ಎಡೆ’ ಎಂದರೆ ನಡುವೆ, ‘ತೊರೆ’ ಎಂದರೆ ಹೊಳೆ. ಹನ್ನೊಂದನೆಯ ಶತಮಾನದಲ್ಲಿ ಇದರ ಮೇಲೆ ದಂಡೆತ್ತಿ ಬಂದ ರಾಜೇಂದ್ರ ಚೋಳನ ತಮಿಳು ಪ್ರಶಸ್ತಿಯಲ್ಲಿ ಅದೇ ಹೆಸರು ‘ಇಡೈತುರೈನಾಡು’ ಎಂದಾಗಿದೆ. ಮುಂದೆ ಪಾರಸಿ ಬಲ್ಲವರು ಈ ಭೂಭಾಗವನ್ನು ‘ದೋಆಬ್’ ಎಂದರು. ಆ ಭಾಷೆಯಲ್ಲಿ ‘ದೋ’ ಎಂದರೆ ಎರಡು, ‘ಆಬ್’ ಎಂದರೆ ನೀರು. ಒಂದೇ ನೆಲವನ್ನು ಕಂಡ ಮೂರು ಭಾಷೆಯ ಜನ, ಒಬ್ಬರಿಂದೊಬ್ಬರು ಕೇಳಿಯೋ ಕೇಳದೆಯೋ, ಒಂದೇ ಅರ್ಥದ ಹೆಸರನ್ನಿಟ್ಟರು. ಇಂತಹ ನಾಡಿನಲ್ಲಿ ಹುಟ್ಟಿದ ಸಾಹಿತ್ಯವು ಒಂದೇ ನುಡಿಯ ಅಂಗಳದಲ್ಲಿ ಬೆಳೆದಿದ್ದರೆ ಅದೇ ಸೋಜಿಗವಾಗುತ್ತಿತ್ತು.

ಈ ಸೀಮೆಯಲ್ಲಿ ದೊರೆತಿರುವ ಅತ್ಯಂತ ಪ್ರಾಚೀನ ಬರಹ ಕನ್ನಡದ್ದಲ್ಲ. 1915ರಲ್ಲಿ ಮಸ್ಕಿಯ ಬಂಡೆಯೊಂದರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿದೆ. ಬೇರೆಡೆಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದೆ ಅಡಗಿದ್ದ ಚಕ್ರವರ್ತಿ ‘ಅಶೋಕ’ನೆಂಬ ತನ್ನ ನಿಜನಾಮದಿಂದ ವಿದ್ವಾಂಸರಿಗೆ ಮೊದಲು ಗುರುತು ಸಿಕ್ಕಿದ್ದು ಇಲ್ಲಿಯೇ. ರಾಯಚೂರಿನ ಕೋಟೆಗೆ ಬಂದರೆ, ಸುಮಾರು 41 ಅಡಿ ಉದ್ದದ ಒಂದು ಭಾರಿ ಚಪ್ಪಡಿಯ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಅಂತಹ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನೂ ಅಲ್ಲಿ ಚಿತ್ರವಾಗಿ ಕೊರೆದಿದ್ದಾರೆ. ಅದೇ ಕೋಟೆಯ ಹೊರಸುತ್ತಿನಲ್ಲಿ ಬಹಮನಿ ಹಾಗೂ ಆದಿಲಶಾಹಿ ಕಾಲದ ಪಾರಸಿ, ಅರಬ್ಬಿ ಬರಹಗಳಿವೆ. 1520ರಲ್ಲಿ ಈ ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ಘೋರ ಯುದ್ಧ ನಡೆಯಿತು. ಆ ಯುದ್ಧದ ವಿವರಗಳನ್ನು ಬರೆದಿಟ್ಟವನು ನೂನಿಜ್ ಎಂಬ ಪೋರ್ಚುಗೀಸನು. ಗೆದ್ದ ಅರಸನೋ ಕನ್ನಡ ನಾಡಿನಲ್ಲಿ ಕುಳಿತು, ತಮಿಳು ನಾಡಿನ ಆಂಡಾಳ್‌ಳ ಕಥೆಯನ್ನು ತೆಲುಗಿನಲ್ಲಿ ಕಾವ್ಯವಾಗಿಸಿದವನು.

ಕಲ್ಲಿನ ಮೇಲೆ ಹಲವು ಭಾಷೆಗಳು ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಅವು ಒಂದರೊಡನೊಂದು ಮಾತಾಡಿದವೆಂದು ಹೇಳಲಾಗದು. ಗೆದ್ದವನು ತನ್ನ ಭಾಷೆಯನ್ನು ಕೊರೆಸುತ್ತಾನೆ. ಸೋತವನು ಅದನ್ನು ಓದದೆಯೇ ಇರಬಹುದು. ಕೊಡುಕೊಳೆ ನಿಜವಾಗಿ ನಡೆಯುವುದು, ಎರಡು ನುಡಿಗಳನ್ನು ಬಲ್ಲವನೊಬ್ಬನು ಒಂದರ ಸಂಪತ್ತನ್ನು ಇನ್ನೊಂದಕ್ಕೆ ಹೊತ್ತು ತಂದಾಗ. ಅಂತಹ ಹೊರೆ ಹೊತ್ತವರನ್ನು ಕಾಣಬೇಕಾದರೆ ರಾಯಚೂರಿನಿಂದ ಮಾನ್ವಿ, ದೇವದುರ್ಗಗಳ ಕಡೆಗೆ ನಡೆಯಬೇಕು.

ಮಾನ್ವಿ ತಾಲ್ಲೂಕಿನ ಚೀಕಲಪರವಿ ತುಂಗಭದ್ರೆಯ ದಡದ ಒಂದು ಹಳ್ಳಿ. 1682ರಲ್ಲಿ ಅಲ್ಲಿ ಹುಟ್ಟಿದ ವಿಜಯದಾಸರು ಕಾಶಿಯವರೆಗೆ ಯಾತ್ರೆ ಮಾಡಿ ಬಂದು, ಕನ್ನಡದಲ್ಲಿ ಅಸಂಖ್ಯ ಕೀರ್ತನೆ, ಸುಳಾದಿಗಳನ್ನು ರಚಿಸಿದರು. ಅವರು ನಾಲ್ಕು ವರ್ಷದ ಬಾಲಕರಾಗಿದ್ದಾಗ ಬಿಜಾಪುರ ಮೊಗಲರ ವಶವಾಯಿತು; ಮುಂದೆ ಈ ಸೀಮೆ ಹೈದರಾಬಾದಿನ ನಿಜಾಮರ ಕೈಗೆ ಬಂತು. ಆಸ್ಥಾನದ ಆಶ್ರಯವಿಲ್ಲದ ಆ ದಿನಗಳಲ್ಲಿ ಕನ್ನಡ ಕವಿತೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಊರೂರು ತಿರುಗಿತು. ವಿಜಯದಾಸರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಅವರು ನೆಲೆಸಿದ್ದ ಉತ್ತನೂರು ಇಂದು ತೆಲಂಗಾಣದಲ್ಲಿದೆ. ದಾಸರಿಗೆ ಈ ಗಡಿಗಳು ಅಡ್ಡಬರಲಿಲ್ಲ. ಅವರ ಅಂಕಿತಗಳಲ್ಲಿ ನೆಲೆಸಿದ ವಿಠಲನ ಕ್ಷೇತ್ರವಾದ ಪಂಢರಪುರವಂತೂ ಮರಾಠಿ ನಾಡಿನದು.

ಈ ಪರಂಪರೆಯ ಮೂರನೆಯ ಹಿರಿಯರು ಜಗನ್ನಾಥದಾಸರು. ಮಾನ್ವಿ ತಾಲ್ಲೂಕಿನ ಬ್ಯಾಗವಟದಲ್ಲಿ 1728ರಲ್ಲಿ ಹುಟ್ಟಿದ ಇವರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ಅವರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ವಿಜಯದಾಸರನ್ನು ಅವರು ಹಗುರವಾಗಿ ಕಂಡರೆಂದೂ, ತರುವಾಯ ಉದರಶೂಲೆಯಿಂದ ಬಳಲಿದರೆಂದೂ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ಐತಿಹ್ಯವಿದೆ. ಆಯುಷ್ಯವನ್ನು ಅಳೆದು ಕೊಡುವ ಮಾತನ್ನು ಭಕ್ತರು ನಂಬುವ ಬಗೆ ಬೇರೆ, ಚರಿತ್ರಕಾರನು ಓದುವ ಬಗೆ ಬೇರೆ. ಆದರೆ ಆ ಕಥೆಯ ಒಳಗೆ ಒಂದು ನಿಜವಾದ ಜಗಳವಿದೆ: ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೇ? ಹೇಳಿದರೆ ಅದರ ಗೌರವ ಕುಂದುವುದೇ? ಅಂದಿನ ಪಂಡಿತರಲ್ಲಿ ಹಲವರಿಗೆ ಇದು ಮಾನದ ಪ್ರಶ್ನೆಯಾಗಿತ್ತು.

ಜಗನ್ನಾಥದಾಸರು ತಮ್ಮ ಕೃತಿಯಿಂದ ಉತ್ತರ ಕೊಟ್ಟರು. ‘ಹರಿಕಥಾಮೃತಸಾರ’ವು ಭಾಮಿನೀ ಷಟ್ಪದಿಯಲ್ಲಿರುವ, 32 ಸಂಧಿಗಳ ಗ್ರಂಥ. ಮಧ್ವಾಚಾರ್ಯರು ಸಂಸ್ಕೃತದಲ್ಲಿ ಪ್ರತಿಪಾದಿಸಿದ ತತ್ತ್ವಗಳನ್ನು, ಕುಮಾರವ್ಯಾಸನು ಮಹಾಭಾರತ ಹೇಳಿದ ಅದೇ ಧಾಟಿಯಲ್ಲಿ ದಾಸರು ಹೇಳಿದರು. ಸಂಸ್ಕೃತದ ಪಾರಿಭಾಷಿಕ ಪದಗಳನ್ನು ಅವರು ಬಿಟ್ಟುಬಿಡಲಿಲ್ಲ. ಕೆಲವೆಡೆ ಪದ್ಯಗಳು ಕಠಿನವೂ ಆಗಿವೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ‘ತತ್ತ್ವಸುವ್ವಾಲಿ’ ಎಂಬ ಇನ್ನೊಂದು ಕೃತಿಗೆ ಅವರು ಆರಿಸಿಕೊಂಡದ್ದು ತ್ರಿಪದಿಯನ್ನು. ಸುವ್ವಿ ಎನ್ನುತ್ತ ಒನಕೆಯೆತ್ತುವ ಹೆಂಗಸರ ನಾಲಗೆಯಲ್ಲಿ ತಲೆಮಾರುಗಳಿಂದ ಪಳಗಿದ ಮಟ್ಟು ಅದು. ವೇದಾಂತವು ಪಾಠಶಾಲೆಯನ್ನು ಬಿಟ್ಟು ಒರಳಿನ ಬಳಿ ಬಂದು ಕುಳಿತಿತು. 1809ರಲ್ಲಿ ಅವರು ತೀರಿಕೊಂಡ ಮೇಲೆಯೂ ಓದು ಬಾರದ ಎಷ್ಟೋ ಮನೆಗಳಲ್ಲಿ ಆ ಪದ್ಯಗಳು ಬಾಯಿಂದ ಬಾಯಿಗೆ ಉಳಿದುಬಂದವು.

ದಾಸರು ಮೇಲಿನ ಭಾಷೆಯಿಂದ ಕನ್ನಡಕ್ಕೆ ಇಳಿಸಿ ತಂದರೆ, ಹಳ್ಳಿಗರು ಪಕ್ಕದ ಮನೆಯ ಭಾಷೆಯೊಡನೆ ಕೊಟ್ಟು ಕೊಂಡರು. ದೇವದುರ್ಗದ ಉತ್ತರಕ್ಕೆ, ಕೃಷ್ಣೆಯ ಆಚೆ ದಡದಲ್ಲಿ ತಿಂಥಣಿಯ ಮೌನೇಶ್ವರರ ಕ್ಷೇತ್ರವಿದೆ. ಹಿಂದೂಗಳಿಗೆ ಮೌನೇಶ್ವರರಾದವರು ಮುಸಲ್ಮಾನರಿಗೆ ಮೌನುದ್ದೀನರು. ಅಲ್ಲಿಯ ಜಾತ್ರೆಯಲ್ಲಿ ಕನ್ನಡದ ವಚನಗಳೂ ದಖ್ಖನಿಯ ಘೋಷವೂ ಒಟ್ಟಿಗೆ ಕೇಳಿಬರುತ್ತವೆ. ಮೊಹರಮ್ಮಿನಲ್ಲಿ ಈ ಭಾಗದ ಊರುಗಳಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದಗಳೂ ಅಂತಹವೇ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾ ಬಯಲಿನಲ್ಲಿ ನಡೆದ ದುರಂತವನ್ನು ಕನ್ನಡದಲ್ಲಿ ಹಾಡುವವರಲ್ಲಿ ಹಿಂದೂ ಒಕ್ಕಲಿಗರೂ ಇರುತ್ತಾರೆ. ನೀರಿಲ್ಲದೆ ಬಾಯಾರಿ ಸತ್ತವರ ಕಥೆ ಮಳೆಗಾಗಿ ಆಕಾಶ ನೋಡುವ ರೈತನಿಗೆ ಅರ್ಥವಾಗಲು ಭಾಷ್ಯ ಬೇಕಾಗಿಲ್ಲ.

‘ರೈತ’ ಎಂಬ ಮಾತು ಕೂಡ ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು. ಜಮೀನು, ಅರ್ಜಿ, ವಕೀಲ, ಕಾಯಿದೆ, ತಾಲ್ಲೂಕು, ಶಾಯಿ, ಗುಲಾಬಿ ಇವೆಲ್ಲ ಅದೇ ದಾರಿಯಲ್ಲಿ ಬಂದು ಕನ್ನಡದ ಮನೆಮಕ್ಕಳಾದವು. ಇಷ್ಟನ್ನು ಎಲ್ಲರೂ ಬಲ್ಲರು. ಎದುರುದಿಕ್ಕಿನ ವ್ಯಾಪಾರವನ್ನು ಗಮನಿಸುವವರು ಕಡಮೆ. ಈ ಸೀಮೆಯ ಮುಸಲ್ಮಾನರ ಮನೆಮಾತಾದ ದಖ್ಖನಿಯು ನಮ್ಮ ‘ಎಂದು’, ‘ಅಂತ’ ಎಂಬ ಪ್ರಯೋಗವನ್ನು ತನ್ನದಾಗಿಸಿಕೊಂಡು, ಅದಕ್ಕೆ ‘ಬೋಲ್ಕೆ’ ಎಂಬ ಪದವನ್ನು ಬಳಸುತ್ತದೆ. ಬರುತ್ತೇನೆಂದು ಹೇಳಿದವನ ಮಾತನ್ನು ವರದಿ ಮಾಡುವಾಗ ಆ ಭಾಷೆ ಕನ್ನಡ, ತೆಲುಗುಗಳಂತೆಯೇ ಮಾತಿನ ಕೊನೆಗೆ ಗಂಟು ಹಾಕುತ್ತದೆ. ಬೇಡವೆನ್ನಲು ಅದು ಹೇಳುವ ‘ನಕ್ಕೊ’ ಮರಾಠಿಯದು. ನಾವು ಅವರಿಂದ ಪದಗಳನ್ನು ಪಡೆದೆವು. ಅವರು ನಮ್ಮಿಂದ ವಾಕ್ಯದ ಎಲುಬನ್ನೇ ಪಡೆದರು.

ಆದರೆ ಎಲ್ಲವೂ ಇಷ್ಟು ಸೌಹಾರ್ದದಿಂದ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹೈದರಾಬಾದ್ ಸಂಸ್ಥಾನದಲ್ಲಿ 1884ರ ಸುಮಾರಿಗೆ ಪಾರಸಿಯ ಸ್ಥಾನದಲ್ಲಿ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉನ್ನತ ಶಿಕ್ಷಣವನ್ನೆಲ್ಲ ಉರ್ದುವಿನಲ್ಲಿ ಕೊಟ್ಟಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ಕಾನೂನುಗಳನ್ನು ಕಲಿಸಿದ ಆ ಸಾಹಸ ನಿಜವಾಗಿಯೂ ದೊಡ್ಡದು. ಆದರೆ ಸಂಸ್ಥಾನದ ಬಹುಸಂಖ್ಯೆಯ ಜನರ ಮನೆಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದವು. ಮನೆಯಲ್ಲಿ ಕನ್ನಡವಾಡುವ ರಾಯಚೂರಿನ ಹುಡುಗ ಮೇಲಿನ ತರಗತಿಗಳಲ್ಲಿ ಗಣಿತವನ್ನೂ ಚರಿತ್ರೆಯನ್ನೂ ಸಾಮಾನ್ಯವಾಗಿ ಉರ್ದುವಿನಲ್ಲಿಯೇ ಓದಬೇಕಾಗಿತ್ತು. ಕಚೇರಿಯಲ್ಲಿ ತನ್ನದೇ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವವರೂ ಇದ್ದರು. ಕನ್ನಡಿಗರಿಗೆ ಈ ಬಗ್ಗೆ ನೋವಿತ್ತು, ಅದು ನ್ಯಾಯವಾದ ನೋವು.

ಆ ನೋವಿಗೆ ಇಬ್ಬಗೆಯ ಉತ್ತರಗಳು ಬಂದವು. ಒಂದು, ಕನ್ನಡವನ್ನು ಕಟ್ಟುವುದು. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿಯೇ ಸೇರಿತು. ಅದರ ಅಧ್ಯಕ್ಷರು ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರು. ಅವರ ಮನೆಮಾತು ಕೊಂಕಣಿ. ಉರ್ದು ಆಡಳಿತದ ಊರಿನಲ್ಲಿ ಕೊಂಕಣಿ ಮನೆಯ ಹಿರಿಯರೊಬ್ಬರು ಕನ್ನಡದ ಪರವಾಗಿ ಮಾತಾಡಿದರು. ಇನ್ನೊಂದು ಉತ್ತರವನ್ನು ಪಂಡಿತ ತಾರಾನಾಥರಲ್ಲಿ (1891–1942) ಕಾಣಬಹುದು. ಕರಾವಳಿಯಿಂದ ಬಂದ ಅವರು ರಾಯಚೂರಿನಲ್ಲಿ ಕಟ್ಟಿದ ಶಾಲೆಗೆ ‘ಹಮ್ದರ್ದ್’ ಎಂದು ಹೆಸರಿಟ್ಟರು. ನೋವಿನಲ್ಲಿ ಜೊತೆಯಾಗುವವನು ಎಂದು ಆ ಪಾರಸಿ ಪದದ ಅರ್ಥ. ಮುಂದೆ ಅವರು ತುಂಗಭದ್ರೆಯ ತೀರದಲ್ಲಿ ‘ಪ್ರೇಮಾಯತನ’ವೆಂಬ ಆಶ್ರಮವನ್ನು ನಡೆಸಿದರು, ‘ದೀನಬಂಧು ಕಬೀರ’ ಎಂಬ ನಾಟಕವನ್ನು ಬರೆದರು. ಆಳುವವರ ಭಾಷೆಯ ಮೇಲಿನ ಸಿಟ್ಟು ಆ ಭಾಷೆಯಾಡುವ ನೆರೆಯವನ ಮೇಲೆ ತಿರುಗಬಾರದೆಂಬುದು ಅವರ ನಡೆನುಡಿಗಳಲ್ಲಿ ಎದ್ದು ಕಾಣುತ್ತದೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಕನ್ನಡಿಗರ ಏಕೀಕೃತ ರಾಜ್ಯಕ್ಕೆ ಸೇರಿತು. ಶಾಲೆ, ಕಚೇರಿಗಳಿಗೆ ಕನ್ನಡ ಬಂತು. ಕಲಿತ ಉರ್ದುವನ್ನು ಮರೆತುಬಿಡಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಹಲವರು ಮರೆತರು ಕೂಡ. ಮರೆಯದೆ ಉಳಿದವರಲ್ಲಿ ಶಾಂತರಸರು (1924–2008) ಮುಖ್ಯರು.

ರಾಯಚೂರು ಜಿಲ್ಲೆಯ ಹೆಂಬೇರಾಳಿನಲ್ಲಿ ಹುಟ್ಟಿದ ಶಾಂತರಸರು ಕನ್ನಡದಲ್ಲಿ ಕವಿತೆ, ನಾಟಕ, ಕಾದಂಬರಿಗಳನ್ನು ಬರೆದವರು. ಬೀದರದಲ್ಲಿ 2006ರಲ್ಲಿ ನಡೆದ 72ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೆ ಅವರ ಹೆಸರು ಮುಖ್ಯವಾಗಿ ನಿಂತಿರುವುದು ಉರ್ದುವಿನ ಗಜಲನ್ನು ಕನ್ನಡದಲ್ಲಿ ಕಟ್ಟಿದ್ದಕ್ಕಾಗಿ. ಅದರ ನಿಯಮಗಳನ್ನು ಕನ್ನಡಿಗರಿಗೆ ತಿಳಿಯಪಡಿಸಿ, ತಾವೂ ಬರೆದು ತೋರಿಸಿದರು. ಇದಕ್ಕೆ ಒಂದು ಹೋಲಿಕೆ ಹಳೆಯ ಮೈಸೂರಿನಲ್ಲಿದೆ. ಮನೆಯಲ್ಲಿ ತಮಿಳಾಡುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಪ್ರಕಟಿಸಿ, ಆಳುವವರ ಭಾಷೆಯಾದ ಇಂಗ್ಲಿಷಿನ ಕವಿತೆಯನ್ನು ಕನ್ನಡದ ಹೊಸ ಹುಟ್ಟಿಗೆ ಬಳಸಿಕೊಂಡರು. ಮೈಸೂರಿಗೆ ಇಂಗ್ಲಿಷ್ ಹೇಗೋ ರಾಯಚೂರಿಗೆ ಉರ್ದು ಹಾಗೆ. ಎರಡು ಕಡೆಯಲ್ಲಿಯೂ ಅಧಿಕಾರ ತಂದಿಟ್ಟ ಭಾಷೆಯಿಂದ ಕವಿ ತನಗೆ ಬೇಕಾದುದನ್ನು ಮಾತ್ರ ಎತ್ತಿಕೊಂಡನು.

ಗಜಲಿನ ಪಯಣ ದೀರ್ಘವಾದುದು. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯಲ್ಲಿ ಹಾಫಿಜನಂತಹ ಕವಿಗಳ ಕೈಯಲ್ಲಿ ಬಲಿತು, ಅದು ಭಾರತಕ್ಕೆ ಬಂತು. ಅಮೀರ್ ಖುಸ್ರೊ ದಿಲ್ಲಿಯಲ್ಲಿ ಪಾರಸಿ ಗಜಲುಗಳನ್ನು ಬರೆದನು. ಆದರೆ ಉರ್ದುವಿನ ಪೂರ್ವರೂಪದಲ್ಲಿ ಅದು ಸಮೃದ್ಧವಾಗಿ ಬೆಳೆದದ್ದು ದಕ್ಷಿಣದಲ್ಲಿ. 1580ರಲ್ಲಿ ಪಟ್ಟಕ್ಕೆ ಬಂದ ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಶಾಹನು ದಖ್ಖನಿಯಲ್ಲಿ ಗಜಲುಗಳನ್ನು ಬರೆದನು. ಅದೇ ವರ್ಷ ಬಿಜಾಪುರದ ಸಿಂಹಾಸನವೇರಿದ ಎರಡನೆಯ ಇಬ್ರಾಹಿಂ ಆದಿಲಶಾಹನು, ರಾಯಚೂರಿಗೂ ಒಡೆಯನಾಗಿದ್ದವನು, ದಖ್ಖನಿಯ ತನ್ನ ಹಾಡುಗಳ ಗ್ರಂಥದಲ್ಲಿ ಸರಸ್ವತಿಯನ್ನು ಸ್ತುತಿಸಿದನು. ದಖ್ಖಣದ ವಲಿ ಎಂಬ ಕವಿಯ ರಚನೆಗಳನ್ನು ಕೇಳಿದ ಮೇಲೆಯೇ ದಿಲ್ಲಿಯ ಕವಿಗಳು ಪಾರಸಿಯನ್ನು ಬದಿಗಿಟ್ಟು ತಮ್ಮ ನುಡಿಯ ಗಜಲಿನ ಕಡೆಗೆ ಒಲಿದರು. ಆದ್ದರಿಂದ ಗಜಲು ರಾಯಚೂರಿಗೆ ದೂರದ ಅತಿಥಿಯಲ್ಲ. ಪಕ್ಕದ ಓಣಿಯಲ್ಲಿ ಬಹುಕಾಲ ಬಾಳಿ, ತಡವಾಗಿ ಕನ್ನಡದ ಮನೆಯ ಬಾಗಿಲು ತಟ್ಟಿದ ನೆರೆಯವನು.

ಗಜಲಿನ ಕಟ್ಟಡವನ್ನು ತಿಳಿಯಲು, ಉದಾಹರಣೆಗೆಂದೇ ಹೊಸೆದ ಈ ನಾಲ್ಕು ಸಾಲುಗಳನ್ನು ನೋಡಬಹುದು. ಇವುಗಳಲ್ಲಿ ಕಾವ್ಯವನ್ನು ಹುಡುಕದೆ ನಕ್ಷೆಯನ್ನಷ್ಟೇ ಗಮನಿಸಬೇಕು:

ಹೊಳೆ ದಾಟಿ ಬಂದವರು ಇಲ್ಲೇ ಉಳಿದರು ಗೆಳೆಯಾ
ನಮ್ಮೂರ ಮಾತನ್ನು ಮೆಲ್ಲನೆ ತಿಳಿದರು ಗೆಳೆಯಾ

ಕಲ್ಲಲಿ ಹೆಸರನು ಕೊರೆಸಿದ ಅರಸರು ಎಲ್ಲಿಹರೋ
ಪದ ಕಟ್ಟಿದವರಷ್ಟೆ ನಾಲಗೆಗಿಳಿದರು ಗೆಳೆಯಾ

ಇಲ್ಲಿ ಎರಡೆರಡು ಸಾಲುಗಳ ಒಂದೊಂದು ಘಟಕವೂ ಒಂದು ‘ಶೇರ್’. ಕೊನೆಯಲ್ಲಿ ಬದಲಾಗದೆ ಮರಳಿ ಬರುವ ‘ಗೆಳೆಯಾ’ ಎಂಬುದು ‘ರದೀಫ್’. ಅದರ ಹಿಂದೆ ಉಳಿದರು, ತಿಳಿದರು, ಇಳಿದರು ಎಂದು ಪ್ರಾಸಗೂಡಿ ಬರುವ ಪದವು ‘ಕಾಫಿಯಾ’. ಮೊದಲ ಶೇರಿನ ಎರಡು ಸಾಲುಗಳಲ್ಲಿಯೂ ಇವು ಇರಬೇಕು; ಅದಕ್ಕೆ ‘ಮತ್ಲಾ’ ಎಂದು ಹೆಸರು. ಮುಂದಿನವುಗಳಲ್ಲಿ ಎರಡನೆಯ ಸಾಲಿಗೆ ಮಾತ್ರ ಈ ಕಟ್ಟು. ಕೊನೆಯ ಶೇರ್ ‘ಮಕ್ತಾ’. ಅದರಲ್ಲಿ ಕವಿಯು ವಾಡಿಕೆಯಂತೆ ತನ್ನ ಕಾವ್ಯನಾಮವನ್ನು ಸೇರಿಸುತ್ತಾನೆ. ಎಲ್ಲಕ್ಕಿಂತ ವಿಚಿತ್ರವಾದ ನಿಯಮವೆಂದರೆ ಪ್ರತಿಯೊಂದು ಶೇರೂ ಅರ್ಥದಲ್ಲಿ ಸ್ವತಂತ್ರವಾಗಿರುವುದು. ಒಂದರಲ್ಲಿ ವಿರಹವಿರಬಹುದು, ಮುಂದಿನದರಲ್ಲಿ ವೈರಾಗ್ಯವಿರಬಹುದು. ಒಂದೇ ದಾರದ ಮಣಿಗಳು, ಬಣ್ಣ ಮಾತ್ರ ಬೇರೆ.

ಕನ್ನಡಕ್ಕೆ ಇದರಲ್ಲಿ ಕೆಲವು ಸುಲಭ, ಕೆಲವು ಕಷ್ಟ. ಉರ್ದುವಿನಂತೆ ಕನ್ನಡದಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ರದೀಫನ್ನು ಹೊಂದಿಸುವುದು ಸಹಜವಾಗುತ್ತದೆ. ಇಂಗ್ಲಿಷಿನಲ್ಲಿ ಇದೇ ಕೆಲಸ ಕವಿಯನ್ನು ಕಾಡುತ್ತದೆ. ಕೊನೆಯಲ್ಲಿ ಹೆಸರು ಹಾಕುವ ಪದ್ಧತಿಯೂ ಕನ್ನಡಿಗನಿಗೆ ಹೊಸದಲ್ಲ. ವಚನಕಾರರ, ದಾಸರ ಅಂಕಿತವನ್ನು ಕೇಳಿ ಬೆಳೆದ ಕಿವಿ ಅದು. ಒಂದು ಭೇದವಂತೂ ಇದೆ: ಜಗನ್ನಾಥದಾಸರು ಕೊನೆಯಲ್ಲಿ ‘ಜಗನ್ನಾಥವಿಠಲ’ನೆಂದು ದೇವರ ಹೆಸರಿಗೆ ಸರಿದು ನಿಲ್ಲುತ್ತಾರೆ, ಗಜಲುಕಾರನು ತನ್ನನ್ನೇ ಕರೆದು ಮಾತಾಡಿಸಿಕೊಳ್ಳುತ್ತಾನೆ. ಕಷ್ಟವಾದುದು ಛಂದಸ್ಸು ಮತ್ತು ಪ್ರಾಸ. ಹಳೆಯ ಕನ್ನಡ ಕಾವ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ. ಗಜಲಿನದು ಸಾಲಿನ ತುದಿಯಲ್ಲಿ. ಅಲ್ಲದೆ, ಕನ್ನಡದ ವಿಭಕ್ತಿ, ಕ್ರಿಯಾ ಪ್ರತ್ಯಯಗಳು ತುದಿಪ್ರಾಸವನ್ನು ಅತಿ ಅಗ್ಗವಾಗಿ ಒದಗಿಸುತ್ತವೆ. ಬಂದರು, ನಿಂದರು, ತಂದರು ಎಂದು ಹೆಣೆದುಬಿಟ್ಟರೆ ಗಜಲಾಗುವುದಿಲ್ಲ. ಈಚೆಗೆ ಬಂದ ಎಷ್ಟೋ ರಚನೆಗಳು ಈ ಹಳ್ಳಕ್ಕೆ ಬಿದ್ದಿವೆ. ಸಾಕಿ, ಮಧುಬಟ್ಟಲುಗಳನ್ನು ಹಾಗೆಯೇ ಹೊತ್ತು ತಂದವರೂ ಇದ್ದಾರೆ. ಪಾರಸಿಯಲ್ಲಿ ಅವು ಸೂಫಿಗಳ ಅನುಭಾವದ ಸಂಕೇತಗಳು. ಆ ಹಿನ್ನೆಲೆಯಿಲ್ಲದೆ ಬಂದಾಗ ಬರಿಯ ಸಾಮಾನುಗಳಾಗಿ ಉಳಿಯುತ್ತವೆ.

ರೂಪವು ಎರವಲು ಬಂದಾಗ ಅದರೊಳಗೆ ಯಾರ ಬಾಳು ಮಾತಾಡುತ್ತದೆ ಎಂಬುದರ ಮೇಲೆ ಅದರ ಹಣೆಬರಹ ನಿಂತಿದೆ. ಗಜಲು ಮೊದಲಿನಿಂದಲೂ ಹೆಚ್ಚಾಗಿ ಗಂಡಸಿನ ದನಿಯಲ್ಲಿ ಪ್ರೇಯಸಿಯನ್ನು ಕುರಿತು ಹಾಡಿದ ಕವಿತೆ. ಶಾಂತರಸರ ಮಗಳಾದ, ರಾಯಚೂರಿನ ಕವಯಿತ್ರಿ ಎಚ್.ಎಸ್. ಮುಕ್ತಾಯಕ್ಕ ಅವರು ಅದೇ ಕಟ್ಟಡದಲ್ಲಿ ಹೆಣ್ಣಿನ ದನಿಯನ್ನು ಕೂರಿಸಿದರು. ಕನ್ನಡದಲ್ಲಿ ಆ ದನಿಗೆ ಅಕ್ಕಮಹಾದೇವಿಯ ಕಾಲದಿಂದ ಬೇರಿದೆ. ಹೀಗೆ ಅರಬ್ಬಿಯ ಬಳ್ಳಿಯೊಂದು ಶರಣರ ಬೇಲಿಗೆ ಹಬ್ಬಿಕೊಂಡಿತು. ಇಂದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಗಜಲು ಬರೆಯುವವರು ಹಲವರಿದ್ದಾರೆ. ಅವರಲ್ಲಿ ಉರ್ದು ಲಿಪಿಯನ್ನು ಓದಲಾರದವರೂ ಉಂಟು.

ಎಡೆದೊರೆಯಿಂದ ಹೊರಕ್ಕೆ ಹೋದುದರ ಲೆಕ್ಕವೂ ಇದೆ. ಮಂತ್ರಾಲಯ, ಗದ್ವಾಲ, ಹೈದರಾಬಾದುಗಳ ಕಡೆಯ ಅನೇಕ ಮನೆಗಳಲ್ಲಿ ದಾಸರ ಪದಗಳನ್ನು ಹಾಡುವ ಹೆಂಗಸರಿಗೆ ಕನ್ನಡ ಅಕ್ಷರ ಬಾರದು. ಅವರು ಓದಿದ್ದು ತೆಲುಗು. ಅವರಿಗಾಗಿ ‘ಹರಿಕಥಾಮೃತಸಾರ’ವನ್ನು ತೆಲುಗು ಲಿಪಿಯಲ್ಲಿ ಅಚ್ಚು ಹಾಕಿದ್ದಾರೆ. ಅನುವಾದವಿಲ್ಲ, ಲಿಪಿಯೊಂದು ಮಾತ್ರ ತೆಲುಗು, ಒಳಗಿನ ಮಾತೆಲ್ಲ ಕನ್ನಡ. ಮಾನ್ವಿಯಲ್ಲಿ ಕುಳಿತು ಜಗನ್ನಾಥದಾಸರು ಕಟ್ಟಿದ ಷಟ್ಪದಿ ಬೆಳಗಿನ ಹೊತ್ತು ಅಲ್ಲಿಯೂ ಕೇಳಿಬರುತ್ತದೆ. ಹಾಡುತ್ತಿರುವ ಹಿರಿಯಾಕೆ ಹಾಡು ಮುಗಿಸಿ, ಪುಸ್ತಕ ಮಡಿಸಿಟ್ಟು, ಮೊಮ್ಮಗಳನ್ನು ತೆಲುಗಿನಲ್ಲಿ ಕೂಗಿ ಕರೆಯುತ್ತಾಳೆ.